ಹತ್ತೊಂಬತ್ತೂವರೆ ಯಾವ ಕಡೆಗೆ?

ಒಂದು ಜಿಲ್ಲೆಯ ವಾಡಿಕೆ ಮಳೆ 200 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಈ ಸಲ ಬಿದ್ದದ್ದು 161 ಮಿಲಿಮೀಟರ್. ಕೊರತೆ 39 ಮಿಲಿಮೀಟರ್, ಅಂದರೆ ಸರಿಯಾಗಿ ಶೇಕಡಾ 19.5. ಈಗ ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣವನ್ನು ನೋಡಿ. ವಾಡಿಕೆಗಿಂತ ಶೇಕಡಾ 19ರವರೆಗೆ ಹೆಚ್ಚಾಗಲಿ ಕಡಿಮೆಯಾಗಲಿ, ಅದು ‘ವಾಡಿಕೆ’ ಮಳೆ. -20ರಿಂದ -59ರವರೆಗೆ ‘ಕೊರತೆ’. -60ರಿಂದ -99ರವರೆಗೆ ‘ಭಾರಿ ಕೊರತೆ’. ಪಟ್ಟಿಯಲ್ಲಿರುವುದೆಲ್ಲ ಪೂರ್ಣಾಂಕ. -19ಕ್ಕೂ -20ಕ್ಕೂ ನಡುವಿನ ಜಾಗ ಖಾಲಿ ಬಿದ್ದಿದೆ, ನಮ್ಮ ಜಿಲ್ಲೆ ಸಿಕ್ಕಿಕೊಂಡಿರುವುದು ಸರಿಯಾಗಿ ಅಲ್ಲೇ. ಅದನ್ನು ಯಾವ ಕಡೆಗೆ ಸೇರಿಸಬೇಕೆಂದು ಮಳೆಮಾಪಕ ಹೇಳುವುದಿಲ್ಲ. ಲೆಕ್ಕ ಹಾಕುವ ಪ್ರೋಗ್ರಾಮಿನ ಯಾವುದೋ ಒಂದು ಸಾಲು ಹೇಳುತ್ತದೆ, ಆ ಸಾಲನ್ನು ಯಾವ ಭಾಷೆಯಲ್ಲಿ ಬರೆದಿದ್ದಾರೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಲಿನಕ್ಸ್ ಯಂತ್ರಗಳಿಗೆ ಆಜ್ಞೆ ಕೊಡುವ ಬ್ಯಾಶ್ ಶೆಲ್‌ನ ಪೂರ್ಣಾಂಕ ಲೆಕ್ಕಕ್ಕೆ ಕೊಟ್ಟರೆ -19. ಅದೇ ಶೆಲ್‌ನ ಪ್ರಿಂಟ್‌ಎಫ್ ಆಜ್ಞೆಗೆ ದಶಮಾಂಶ ಬಿಟ್ಟು ಮುದ್ರಿಸು ಎಂದರೆ -20. ಹತ್ತಿರದ ಪೂರ್ಣಾಂಕಕ್ಕೆ ತರುವ ಪೈಥಾನ್‌ನ ರೌಂಡ್ ಆಜ್ಞೆ -20 ಎನ್ನುತ್ತದೆ, ಸಿ ಭಾಷೆಯ ರೌಂಡ್ ಕೂಡ -20 ಎನ್ನುತ್ತದೆ, ಆದರೆ ಈ ಎರಡೂ ಅಲ್ಲಿಗೆ ತಲುಪುವುದು ಬೇರೆ ಬೇರೆ ನಿಯಮದಿಂದ. ಜಾವಾ ಮತ್ತು ಜಾವಾಸ್ಕ್ರಿಪ್ಟ್‌ಗಳ ರೌಂಡ್ ಮಾತ್ರ -19 ಎನ್ನುತ್ತದೆ. ಇವುಗಳಲ್ಲಿ ಒಂದೂ ತಪ್ಪು ಮಾಡಿಲ್ಲ. ಪ್ರತಿಯೊಂದೂ ತನ್ನ ಕೈಪಿಡಿಯಲ್ಲಿ ಬರೆದಂತೆಯೇ ನಡೆದುಕೊಂಡಿದೆ. ಆದರೂ ಒಂದೇ ಮಳೆ ಒಂದು ನಕ್ಷೆಯಲ್ಲಿ ವಾಡಿಕೆಯಾಗಿ, ಇನ್ನೊಂದು ನಕ್ಷೆಯಲ್ಲಿ ಕೊರತೆಯಾಗಿ ಕಾಣಿಸಿಕೊಳ್ಳಬಹುದು. ರೌಂಡ್ ಮಾಡುವುದು ಒಂದು ತೀರ್ಮಾನ, ಆ ತೀರ್ಮಾನವನ್ನು ಮಾಡಬೇಕಾದವರು ಮಾಡದೆ ಬಿಟ್ಟರೆ ಕಂಪ್ಯೂಟರ್ ಭಾಷೆ ಅವರ ಪರವಾಗಿ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಈ ಲೇಖನದ ವಾದ ಇಷ್ಟೆ.

ಈ ವಾದಕ್ಕೆ ಪುಣೆಗಿಂತ ತಕ್ಕ ಊರು ಸಿಗುವುದು ಕಷ್ಟ. 1875ರಲ್ಲಿ ಸ್ಥಾಪನೆಯಾದ ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂತು. 1944ರಲ್ಲಿ ಅದು ದಿಲ್ಲಿಗೆ ಹೋದರೂ ಶಿವಾಜಿನಗರದ ಆ ಜಾಗವನ್ನು ಊರಿನವರು ಇಂದಿಗೂ ಸಿಮ್ಲಾ ಆಫೀಸ್ ಚೌಕ ಎಂದೇ ಕರೆಯುತ್ತಾರೆ. ದೇಶದ ಹವಾಮಾನ ದಾಖಲೆಗಳ ರಾಷ್ಟ್ರೀಯ ದತ್ತಾಂಶ ಕೇಂದ್ರ ಇರುವುದು ಪುಣೆಯಲ್ಲೇ. 1962ರಲ್ಲಿ ಆರಂಭವಾದ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಇಲ್ಲಿನ ಪಾಷಾಣದಲ್ಲಿದೆ. 2018ರಲ್ಲಿ ಪ್ರತ್ಯೂಷ್, 2024ರಲ್ಲಿ ಅರ್ಕ ಎಂಬ ಸೂಪರ್‌ಕಂಪ್ಯೂಟರ್‌ಗಳು ಬಂದದ್ದು ಆ ಸಂಸ್ಥೆಗೆ. ದೇಶದ ಮೊದಲ ಸ್ವದೇಶಿ ಸೂಪರ್‌ಕಂಪ್ಯೂಟರ್ ಎನಿಸಿದ ಪರಮ್ 8000 ಅನ್ನು 1991ರಲ್ಲಿ ಕಟ್ಟಿದ ಸಿ-ಡ್ಯಾಕ್ ಕೂಡ ಪುಣೆಯದೇ. ಹಿಂಜವಡಿಯ ಐಟಿ ಪಾರ್ಕಿನಲ್ಲಿ ಬ್ಯಾಂಕುಗಳಿಗೆ, ವಿಮಾ ಕಂಪನಿಗಳಿಗೆ ಪ್ರೋಗ್ರಾಮ್ ಬರೆಯುವ ಕನ್ನಡಿಗರ ಸಂಖ್ಯೆ ಸಣ್ಣದೇನಲ್ಲ. ಇನ್ನು ನೀರಿನ ನಂಟು ಇದ್ದೇ ಇದೆ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ಭೀಮೆ, ಪುಣೆಯ ಮುಳಾ-ಮುಠಾ ನೀರನ್ನು ಕೂಡಿಸಿಕೊಂಡು, ಉಜನಿ ಅಣೆಕಟ್ಟು ದಾಟಿ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ಇಳಿಯುತ್ತಾಳೆ. ಪುಣೆಯ ಘಟ್ಟದ ಮಳೆಯ ಅಂಕಿ ಅಫಜಲಪುರದ ಹೊಳೆದಂಡೆಯ ಊರುಗಳಿಗೆ ಮನೆಯ ಸುದ್ದಿ.

ಹವಾಮಾನದ ದೊಡ್ಡ ಮಾದರಿಗಳು ಓಡುವುದು ಲಿನಕ್ಸ್ ಯಂತ್ರಗಳ ಮೇಲೆ. ಅಂಥ ಯಂತ್ರಗಳಲ್ಲಿ ಕಡತ ತರುವುದು, ಹೆಸರು ಬದಲಿಸುವುದು, ಅಂಕಿ ಹೆಕ್ಕಿ ಪಟ್ಟಿ ಮಾಡುವುದು, ಮಿತಿ ದಾಟಿದ್ದನ್ನು ಗುರುತಿಸುವುದು ಮುಂತಾದ ಚಿಲ್ಲರೆ ಕೆಲಸಗಳನ್ನೆಲ್ಲ ಹೊರುವುದು ಸಾಮಾನ್ಯವಾಗಿ ಶೆಲ್ ಸ್ಕ್ರಿಪ್ಟ್. ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದಿಟ್ಟ ಸಾದಾ ಕಡತವದು. ಎಷ್ಟೋ ಕಚೇರಿಗಳಲ್ಲಿ ಹತ್ತು ಹದಿನೈದು ವರ್ಷಗಳ ಹಿಂದೆ ಯಾರೋ ಬರೆದ ಸ್ಕ್ರಿಪ್ಟ್ ಇಂದಿಗೂ ಬೆಳಿಗ್ಗೆ ತಾನಾಗಿ ಎದ್ದು ತನ್ನ ಕೆಲಸ ಮಾಡಿ ಮುಗಿಸುತ್ತಿರುತ್ತದೆ, ಅದರ ಒಳಗೆ ಏನಿದೆ ಎಂದು ನೋಡಿದವರಿರುವುದಿಲ್ಲ. ಬ್ಯಾಶ್ ಶೆಲ್‌ಗೆ ದಶಮಾಂಶವೇ ಗೊತ್ತಿಲ್ಲ, ಅದರ ಲೆಕ್ಕವೆಲ್ಲ ಪೂರ್ಣಾಂಕದ್ದು. ಏಳನ್ನು ಎರಡರಿಂದ ಭಾಗಿಸು ಎಂದರೆ ಮೂರು ಎನ್ನುತ್ತದೆ, ಅರ್ಧವನ್ನು ಅಲ್ಲೇ ಬಿಟ್ಟುಬಿಡುತ್ತದೆ. ಹತ್ತಿರದ ಸಂಖ್ಯೆ ಯಾವುದೆಂದು ಅದು ನೋಡುವುದೇ ಇಲ್ಲ, ಬಾಲ ಕತ್ತರಿಸುತ್ತದೆ ಅಷ್ಟೆ. ದಶಮಾಂಶ ಬೇಕೆಂದವರು ಬಿಸಿ ಎಂಬ ಹಳೆಯ ಲೆಕ್ಕದ ಉಪಕರಣವನ್ನು ಕರೆಯುತ್ತಾರೆ. ಎರಡನ್ನು ಮೂರರಿಂದ ಭಾಗಿಸಿ ಎರಡು ದಶಮಾಂಶ ಸ್ಥಾನ ಕೊಡು ಎಂದು ಅದನ್ನು ಕೇಳಿದರೆ .66 ಎನ್ನುತ್ತದೆ, .67 ಎನ್ನುವುದಿಲ್ಲ. ಅದೂ ಕತ್ತರಿಸುವ ಜಾತಿಯದೇ. ಪ್ರಿಂಟ್‌ಎಫ್ ಮತ್ತು ಆಕ್ ಎಂಬ ಇನ್ನೊಂದು ಉಪಕರಣ ಬೇರೆ. ಅವು ನಿಜವಾಗಿ ರೌಂಡ್ ಮಾಡುತ್ತವೆ, ಆದರೆ ಶಾಲೆಯಲ್ಲಿ ಕಲಿತಂತೆ ಮಾಡುವುದಿಲ್ಲ. 0.5, 1.5, 2.5, 3.5 ಈ ನಾಲ್ಕನ್ನೂ ಪ್ರಿಂಟ್‌ಎಫ್‌ಗೆ ಕೊಟ್ಟು ನೋಡಿ. ಉತ್ತರ ಕ್ರಮವಾಗಿ 0, 2, 2, 4. ಅರ್ಧ ಬಂದಾಗ ಅದು ಹತ್ತಿರದ ಸರಿಸಂಖ್ಯೆಗೆ ಹೋಗುತ್ತದೆ.

ಶೆಲ್‌ನ ಕತ್ತರಿಸುವ ಚಾಳಿ ಬಲ್ಲವರು ಒಂದು ಉಪಾಯ ಮಾಡುತ್ತಾರೆ. ಭಾಗಿಸುವ ಮೊದಲು ಭಾಜಕದ ಅರ್ಧವನ್ನು ಕೂಡಿಸುವುದು. 199ನ್ನು 10ರಿಂದ ಭಾಗಿಸಬೇಕಾದರೆ ಮೊದಲು 5 ಕೂಡಿಸಿ 204 ಮಾಡಿ ಭಾಗಿಸಿದರೆ 20 ಬರುತ್ತದೆ, ಹತ್ತಿರದ ಪೂರ್ಣಾಂಕ ಅದೇ. ಈ ಉಪಾಯ ಎಷ್ಟು ಬಳಕೆಯಲ್ಲಿದೆಯೆಂದರೆ ಅದನ್ನು ಯಾರೂ ಎರಡನೆಯ ಸಲ ಯೋಚಿಸುವುದಿಲ್ಲ. ಆದರೆ ಮಳೆಯ ಕೊರತೆ ಋಣಸಂಖ್ಯೆ. -199ಕ್ಕೆ 5 ಕೂಡಿಸಿದರೆ -194, ಹತ್ತರಿಂದ ಭಾಗಿಸಿ ಬಾಲ ಕತ್ತರಿಸಿದರೆ -19. ಅಂದರೆ ಶೇಕಡಾ 19.9ರ ಕೊರತೆ ಕೂಡ ‘ವಾಡಿಕೆ’ಯ ಕಡೆಗೆ ಜಾರಿತು. ಅರ್ಧದ ಮೇಲಿನ ಸೂಕ್ಷ್ಮ ಚರ್ಚೆಯೆಲ್ಲ ಇಲ್ಲಿ ಬೇಕಾಗಿಯೇ ಇಲ್ಲ, ಇದು ನೇರ ತಪ್ಪು. ಋಣಸಂಖ್ಯೆಗೆ ಅರ್ಧವನ್ನು ಕಳೆಯಬೇಕಿತ್ತು. ಪೈಥಾನ್‌ನಲ್ಲಿ ಇದಕ್ಕೆ ತದ್ವಿರುದ್ಧದ ಅಪಾಯವಿದೆ. ಅಲ್ಲಿನ ಪೂರ್ಣಾಂಕ ಭಾಗಾಕಾರ ಯಾವಾಗಲೂ ಕೆಳಮುಖ, ಆದ್ದರಿಂದ -19.25 ಇದ್ದರೂ -20 ಎನ್ನುತ್ತದೆ, ಸರಿಯಾಗಿ ವಾಡಿಕೆಯಲ್ಲಿದ್ದ ಜಿಲ್ಲೆ ಕೊರತೆಗೆ ಬೀಳುತ್ತದೆ. ಒಂದು ಕಚೇರಿಯಲ್ಲಿ ಶೆಲ್ ಸ್ಕ್ರಿಪ್ಟ್ ಹಳತಾಯಿತೆಂದು ಅದನ್ನು ಸಾಲಿಗೆ ಸಾಲು ಪೈಥಾನ್‌ಗೆ ಇಳಿಸಿದರೆಂದುಕೊಳ್ಳಿ. ಭಾಗಾಕಾರದ ಚಿಹ್ನೆ ಬಿಟ್ಟು ಬೇರೇನೂ ಬದಲಾಗಿರುವುದಿಲ್ಲ. ಆದರೂ ಗಡಿಯಲ್ಲಿದ್ದ ಜಿಲ್ಲೆಗಳು ರಾತ್ರೋರಾತ್ರಿ ಬಣ್ಣ ಬದಲಿಸಿರುತ್ತವೆ.

ಭಾರಿ ಮಳೆಯ ಮಿತಿಗಳನ್ನು ನೋಡಿದರೆ ವಿಷಯ ಇನ್ನೂ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಎಂಟೂವರೆಗೆ ಮುಗಿಯುವ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಇಲಾಖೆಯ ಭಾಷೆಯಲ್ಲಿ ಅದು ಭಾರಿ ಮಳೆ. 115.6ರಿಂದ 204.4ರವರೆಗೆ ಅತಿ ಭಾರಿ. 204.5 ಮತ್ತು ಅದಕ್ಕಿಂತ ಮೇಲೆ ಅತ್ಯಂತ ಭಾರಿ. ಈ ಮಿತಿಗಳನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೆ ನಿಖರವಾಗಿ ಬರೆದಿದ್ದಾರೆ, ಏಕೆಂದರೆ ಅಳತೆಯೂ ಅಷ್ಟೇ ನಿಖರವಾಗಿ ಬರುತ್ತದೆ. ಈಗ ಸ್ಕ್ರಿಪ್ಟ್ ಬರೆಯುವವರ ಕಡೆಯಿಂದ ನೋಡಿ. ಬ್ಯಾಶ್‌ನಲ್ಲಿ 64.5 ಎಂಬುದನ್ನು ಯಾವುದಕ್ಕಾದರೂ ಹೋಲಿಸಲು ಹೋದರೆ ಪೂರ್ಣಾಂಕ ಕೊಡಿ ಎಂದು ಅದು ಗದರುತ್ತದೆ. ಆದ್ದರಿಂದ ಬರೆಯುವವರು ಮೊದಲು ಪ್ರಿಂಟ್‌ಎಫ್‌ನಿಂದ ದಶಮಾಂಶ ತೆಗೆಸಿ, ಆಮೇಲೆ 65ಕ್ಕೆ ಹೋಲಿಸುತ್ತಾರೆ. 64.5 ರೌಂಡ್ ಆದರೆ 65 ಆಗುತ್ತದೆಂಬುದು ಅವರ ನಂಬಿಕೆ. ಪ್ರಿಂಟ್‌ಎಫ್ ಕೊಡುವುದು 64. ಗಡಿಯ ಮೇಲೆ ನಿಂತ ಭಾರಿ ಮಳೆ ಅಲ್ಲಿಗೆ ಭಾರಿ ಮಳೆಯಾಗಿ ಉಳಿಯಲಿಲ್ಲ. 204.5 ಕೂಡ ಹಾಗೆಯೇ 204ಕ್ಕೆ ಇಳಿಯುತ್ತದೆ. ಆದರೆ 115.5 ಮೇಲಕ್ಕೆ ಹೋಗಿ 116 ಆಗುತ್ತದೆ, ಏಕೆಂದರೆ ಅಲ್ಲಿ ಸರಿಸಂಖ್ಯೆ ಇರುವುದು ಮೇಲುಗಡೆ. ಹಾಗಾಗಿ ಭಾರಿ ಎನ್ನಬೇಕಾದದ್ದು ಅತಿ ಭಾರಿಯಾಗುತ್ತದೆ. ಮೂರು ಗಡಿ, ಮೂರೂ ಕಡೆ ಎಡವಟ್ಟು. ಸರಿ, ಅರ್ಧ ಬಂದರೆ ಯಾವಾಗಲೂ ಮೇಲಕ್ಕೆ ಎಂಬ ಶಾಲೆಯ ನಿಯಮ ಹಿಡಿದರೆ? 64.5 ಮತ್ತು 204.5 ಸರಿಹೋಗುತ್ತವೆ, 115.5 ಮಾತ್ರ ಆಗಲೂ ತಪ್ಪಾಗಿಯೇ ಉಳಿಯುತ್ತದೆ. ತಪ್ಪಿನ ಮೂಲ ಯಾವ ನಿಯಮ ಎಂಬುದರಲ್ಲಿ ಇಲ್ಲ, ಹೋಲಿಸುವ ಮೊದಲೇ ರೌಂಡ್ ಮಾಡಿದ್ದರಲ್ಲಿದೆ.

ಇದೇ ಮಿತಿಗಳು ಸೆಂಟಿಮೀಟರಿಗೆ ಇಳಿಯುವಾಗ ಇನ್ನೊಂದು ಕುತೂಹಲದ ಸಂಗತಿ ಕಾಣುತ್ತದೆ. ಹವಾಮಾನ ವರದಿಗಳಲ್ಲಿ ಭಾರಿ ಮಳೆಯೆಂದರೆ 7ರಿಂದ 11 ಸೆಂಟಿಮೀಟರ್, ಅತ್ಯಂತ ಭಾರಿಯೆಂದರೆ 21 ಮತ್ತು ಮೇಲೆ. 64.5 ಮಿಲಿಮೀಟರನ್ನು ನೇರವಾಗಿ ಸೆಂಟಿಮೀಟರಿಗೆ ತಂದರೆ 6.45, ಅದರ ಹತ್ತಿರದ ಪೂರ್ಣಾಂಕ 6. ಏಳು ಬರಬೇಕಾದರೆ ಎರಡು ಮೆಟ್ಟಿಲು ಇಳಿಯಬೇಕು. ಮೊದಲು 64.5ನ್ನು 65 ಮಾಡಬೇಕು, ಆಮೇಲೆ 6.5 ಸೆಂಟಿಮೀಟರನ್ನು 7 ಮಾಡಬೇಕು. 204.5ರಿಂದ 21ಕ್ಕೆ ಹೋಗುವ ದಾರಿಯೂ ಇದೇ. ರೌಂಡ್ ಮಾಡಿದ್ದನ್ನೇ ಮತ್ತೆ ರೌಂಡ್ ಮಾಡಿದರೆ ಉತ್ತರ ಬೇರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ಹುಡುಕಬೇಕಿಲ್ಲ. ಮಿಲಿಮೀಟರಿನ ಮಿತಿಯನ್ನೇ ಮೂಲವಾಗಿ ಹಿಡಿದು ಸೆಂಟಿಮೀಟರನ್ನು ಓದುಗರ ಅನುಕೂಲಕ್ಕೆಂದು ಇಟ್ಟುಕೊಂಡರೆ ತೊಂದರೆಯಿಲ್ಲ. ಪತ್ರಿಕೆಯಲ್ಲಿ ಬಂದ ಸೆಂಟಿಮೀಟರಿನ ಅಂಕಿಯನ್ನು ಹೆಕ್ಕಿ ಅದರಿಂದಲೇ ವಿಶ್ಲೇಷಣೆಗೆ ಕೂತವರಿಗೆ ತೊಂದರೆ.

ಹಾಗಾದರೆ ಇಷ್ಟೊಂದು ನಿಯಮಗಳು ಬಂದದ್ದೇಕೆ? ಸೇರಿನ ಮೇಲೆ ಗೋಪುರ ಕಟ್ಟಿ ಕಾಳು ಅಳೆಯಬಹುದು, ಕೋಲಿನಿಂದ ತಲೆ ಸವರಿಯೂ ಅಳೆಯಬಹುದು. ಎರಡೂ ನ್ಯಾಯವೇ, ಅಳೆಯುವ ಮೊದಲು ಮಾತಾಗಿರಬೇಕು ಅಷ್ಟೆ. ಸಂಖ್ಯೆಗಳ ವಿಷಯದಲ್ಲಿಯೂ ಬೇರೆ ಬೇರೆ ಕೆಲಸದವರು ಬೇರೆ ಬೇರೆ ಮಾತು ಮಾಡಿಕೊಂಡರು. ಕಂಪ್ಯೂಟರಿನ ದಶಮಾಂಶ ಲೆಕ್ಕಕ್ಕೆ 1985ರಲ್ಲಿ ಬಂದ ಐಇಇಇ 754 ಮಾನಕದ ಹಿಂದಿನ ಮುಖ್ಯ ಗಣಿತಜ್ಞ ವಿಲಿಯಂ ಕಹಾನ್, ಅದಕ್ಕಾಗಿ 1989ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಅರ್ಧ ಬಂದರೆ ಸರಿಸಂಖ್ಯೆಗೆ ಎಂಬುದು ಆ ಮಾನಕದ ರೂಢಿಯ ನಿಯಮ. ಕಾರಣ ಸರಳ. ಅರ್ಧವನ್ನು ಯಾವಾಗಲೂ ಮೇಲಕ್ಕೇ ತಳ್ಳಿದರೆ ಮೊತ್ತ ನಿಧಾನವಾಗಿ ಉಬ್ಬುತ್ತದೆ, ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋದರೆ ಸಮತೂಕ ಉಳಿಯುತ್ತದೆ. ನಮ್ಮ ದೇಶದ ಮಾನಕವೂ ಇದನ್ನೇ ಹೇಳುತ್ತದೆ. ಭಾರತೀಯ ಮಾನಕಗಳ ಸಾಲಿನಲ್ಲಿ ಒಂದನೆಯ ಸಂಖ್ಯೆ ರಾಷ್ಟ್ರಧ್ವಜದ್ದು, ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ಸಿದ್ಧವಾಗುವುದು ಆ ಮಾನಕದಂತೆ. ಎರಡನೆಯ ಸಂಖ್ಯೆಯದು ಅಂಕಿಗಳನ್ನು ರೌಂಡ್ ಮಾಡುವ ನಿಯಮ. ಧ್ವಜದ ಬೆನ್ನಿಗೇ ಇದಕ್ಕೆ ಜಾಗ ಕೊಟ್ಟವರು ಸುಮ್ಮನೆ ಕೊಟ್ಟಿರಲಾರರು ಎಂದು ನನಗೆ ಅನಿಸುತ್ತದೆ. ಬಟ್ಟೆಯ ಎಳೆಯಿಂದ ಸಿಮೆಂಟಿನ ಬಲದವರೆಗೆ ಮುಂದಿನ ಪ್ರತಿ ಮಾನಕಕ್ಕೂ ಇದು ಬೇಕಾಗುತ್ತದೆ. 1960ರಲ್ಲಿ ಪರಿಷ್ಕರಣೆಯಾದ ಆ ಮಾನಕದಲ್ಲಿ ಅರ್ಧ ಬಂದರೆ ಸರಿಸಂಖ್ಯೆಗೆ ಎಂಬ ಸೂತ್ರವಿದೆ. ರೌಂಡ್ ಮಾಡುವುದನ್ನು ಒಂದೇ ಹೆಜ್ಜೆಯಲ್ಲಿ ಮುಗಿಸಬೇಕು, ಮೆಟ್ಟಿಲು ಮೆಟ್ಟಿಲಾಗಿ ಇಳಿಯಬಾರದು ಎಂಬ ಎಚ್ಚರಿಕೆಯೂ ಇದೆ.

ಆದರೆ ಹಣದ ವಿಷಯ ಬಂದೊಡನೆ ಅದೇ ದೇಶ ಬೇರೆ ನಿಯಮ ಹೇಳುತ್ತದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಮಿನಂತೆ ತೆರಿಗೆಯಲ್ಲಿ 50 ಪೈಸೆ ಅಥವಾ ಹೆಚ್ಚಿದ್ದರೆ ಮುಂದಿನ ರೂಪಾಯಿ, ಕಡಿಮೆಯಿದ್ದರೆ ಬಿಟ್ಟುಬಿಡಬೇಕು. 1961ರ ಆದಾಯ ತೆರಿಗೆ ಕಾಯ್ದೆ ಒಟ್ಟು ಆದಾಯವನ್ನು ಹತ್ತು ರೂಪಾಯಿಯ ಗುಣಕಕ್ಕೆ ತರಲು ಹೇಳಿತು, ಅಲ್ಲಿಯೂ ಐದು ಬಂದರೆ ಮೇಲಕ್ಕೆ. ಬಡ್ಡಿಯ ಲೆಕ್ಕದಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಟ್ಟ ಸೂಚನೆಯೂ 50 ಪೈಸೆಗೆ ಮುಂದಿನ ರೂಪಾಯಿ ಎಂಬುದೇ. ಇದರಲ್ಲಿ ಒಂದು ಬಲೆಯಿದೆ. ಸರಿಸಂಖ್ಯೆಗೆ ಹೋಗುವ ನಿಯಮಕ್ಕೆ ಪ್ರೋಗ್ರಾಮರುಗಳ ನಡುವೆ ‘ಬ್ಯಾಂಕರ್ಸ್ ರೌಂಡಿಂಗ್’ ಎಂಬ ಹೆಸರು ಬಿದ್ದಿದೆ. ಬ್ಯಾಂಕಿನ ಕೆಲಸಕ್ಕೆ ಕೂತ ಹೊಸಬರು ಹೆಸರು ನೋಡಿ ಅದನ್ನೇ ಆರಿಸಿದರೆ ಭಾರತದ ಬ್ಯಾಂಕಿಗೆ ಅದು ಒಪ್ಪುವ ನಿಯಮವಲ್ಲ. ಜಾವಾದಲ್ಲಿ ದಶಮಾನದ ಲೆಕ್ಕಕ್ಕಿರುವ ಬಿಗ್‌ಡೆಸಿಮಲ್ ಎಂಟು ಬಗೆಯ ರೌಂಡಿಂಗ್ ವಿಧಾನಗಳ ಪಟ್ಟಿಯನ್ನೇ ಮುಂದಿಟ್ಟು ಬೇಕಾದದ್ದನ್ನು ಹೆಸರಿಸಲು ಅವಕಾಶ ಕೊಡುತ್ತದೆ. ಭಾಷೆ ಹೀಗೆ ಎದುರಿಗೆ ನಿಂತು ಕೇಳುವುದು ಒಳ್ಳೆಯದೇ. ಕೇಳದೆ ತಾನೇ ಆರಿಸಿಕೊಳ್ಳುವ ಸೌಜನ್ಯ ನಮಗೆ ಬೇಡ.

ಇಲ್ಲಿಗೆ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಮಳೆಮಾಪಕವೇ ಗಾಳಿಗೆ ಒಂದಿಷ್ಟು ಮಳೆಯನ್ನು ತಪ್ಪಿಸಿಕೊಳ್ಳುತ್ತದೆ, ಒಂದು ಮಾಪಕದ ಅಳತೆಯನ್ನು ಹತ್ತಾರು ಹಳ್ಳಿಗಳಿಗೆ ಹಿಗ್ಗಿಸುತ್ತಾರೆ, ಹೀಗಿರುವಾಗ ಅರ್ಧ ಶೇಕಡಾದ ಮೇಲೆ ಇಷ್ಟು ತಲೆಕೆಡಿಸಿಕೊಳ್ಳುವುದು ಏಕೆ ಎಂಬುದು ಆ ಆಕ್ಷೇಪ. ಅಳತೆಯ ದೋಷ ದೊಡ್ಡದು ಎಂಬುದು ನಿಜ. ಆದರೆ ಆ ದೋಷವನ್ನು ಒಪ್ಪಿಕೊಂಡ ಮೇಲೂ ಒಂದು ಕರ್ತವ್ಯ ಉಳಿಯುತ್ತದೆ. ದಾಖಲಾದ ಒಂದೇ ಅಂಕಿಯಿಂದ ಇಬ್ಬರು ಲೆಕ್ಕ ಹಾಕಿದರೆ ಒಂದೇ ಉತ್ತರ ಬರಬೇಕು. ಅದು ಬಾರದಿದ್ದರೆ ಜಿಲ್ಲಾಡಳಿತಕ್ಕೆ ಒಂದು ಪಟ್ಟಿ, ವಿಮಾ ಕಂಪನಿಗೆ ಇನ್ನೊಂದು ಪಟ್ಟಿ ಆಗುತ್ತದೆ, ರೈತ ಯಾವುದನ್ನು ಹಿಡಿದು ವಾದಿಸಬೇಕು? 2016ರಲ್ಲಿ ಪರಿಷ್ಕರಿಸಿದ ಬರ ನಿರ್ವಹಣಾ ಕೈಪಿಡಿಯಲ್ಲಿ ಬರ ಘೋಷಣೆಯ ಮೊದಲ ಹಂತದ ಸೂಚಕಗಳಲ್ಲಿ ಮಳೆಯ ಕೊರತೆ ಒಂದು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿದ್ದನ್ನು ನೆನೆದರೆ, ಉಳಿದ ತಾಲ್ಲೂಕುಗಳ ಗಡಿಯಲ್ಲಿ ಒಂದೊಂದು ಅಂಕಿಗೂ ಎಷ್ಟು ಭಾರವಿತ್ತೆಂದು ಊಹಿಸಬಹುದು. ಅಡಿಕೆ, ಕಾಳುಮೆಣಸು ಬೆಳೆಗಾರರು ಕಟ್ಟುವ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ನಿಂತಿರುವುದೇ ಮಿತಿ ದಾಟಿತೇ ಇಲ್ಲವೇ ಎಂಬುದರ ಮೇಲೆ. ಪ್ರಕೃತಿಯಲ್ಲಿ -19.4ಕ್ಕೂ -19.6ಕ್ಕೂ ಏನೂ ವ್ಯತ್ಯಾಸವಿಲ್ಲ, ಆಡಳಿತದಲ್ಲಿ ಇದೆ. ಗೆರೆ ಎಳೆದದ್ದು ನಾವು, ಆದ್ದರಿಂದ ಗೆರೆಯ ಮೇಲೆ ನಿಂತವರಿಗೆ ಉತ್ತರ ಕೊಡುವ ಹೊಣೆಯೂ ನಮ್ಮದೇ.

ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದಲ್ಲಿ 1992ರ ಏಪ್ರಿಲ್ 5ರ ಚುನಾವಣೆಯಲ್ಲಿ ಗೆರೆಯ ಹತ್ತಿರ ನಿಂತ ಅಂಕಿಯೊಂದು ಹೀಗೇ ಎಡವಟ್ಟು ಮಾಡಿತು. ಅಲ್ಲಿ ಶೇಕಡಾ 5ರಷ್ಟು ಮತ ಬಾರದ ಪಕ್ಷಕ್ಕೆ ಸಾಮಾನ್ಯವಾಗಿ ವಿಧಾನಸಭೆಯಲ್ಲಿ ಜಾಗವಿಲ್ಲ. ಹಸಿರು ಪಕ್ಷಕ್ಕೆ ಬಂದದ್ದು 4.97. ಫಲಿತಾಂಶ ಮುದ್ರಿಸುವ ಪ್ರೋಗ್ರಾಮ್ ಒಂದೇ ದಶಮಾಂಶ ಸ್ಥಾನ ತೋರಿಸುತ್ತಿತ್ತು, ಅದು 5.0 ಎಂದು ತೋರಿಸಿತು. ಪಕ್ಷ ಒಳಗೆ ಬಂತೆಂದು ಎಲ್ಲರೂ ನಂಬಿದರು, ತಪ್ಪು ಗೊತ್ತಾಗುವಷ್ಟರಲ್ಲಿ ಮಧ್ಯರಾತ್ರಿ ಕಳೆದಿತ್ತು. ಸ್ಥಾನಗಳ ಹಂಚಿಕೆ ಮತ್ತೆ ಆಯಿತು, ಸೋಷಿಯಲ್ ಡೆಮಾಕ್ರಟರಿಗೆ ಒಂದು ಸ್ಥಾನದ ಬಹುಮತ ಬಂತು. ಆ ಪ್ರೋಗ್ರಾಮಿನ ರೌಂಡಿಂಗ್‌ನಲ್ಲಿ ದೋಷವಿರಲಿಲ್ಲ, ಒಂದೇ ದಶಮಾಂಶಕ್ಕೆ ತಂದರೆ 4.97 ಎಂಬುದು 5.0 ಆಗಲೇಬೇಕು. ತೋರಿಸಲೆಂದು ರೌಂಡ್ ಮಾಡಿದ ಅಂಕಿಯನ್ನು ತೀರ್ಮಾನಕ್ಕೆ ಬಳಸಿದ್ದು ದೋಷ.

ಎರಡನೆಯ ಆಕ್ಷೇಪ: ಅರ್ಧಗಳು ಅಪರೂಪ, ಮೇಲೆ ಕೆಳಗೆ ಹೋಗಿ ಕೊನೆಗೆ ಸರಿದೂಗುತ್ತವೆ. ಮಳೆಯ ಲೆಕ್ಕದಲ್ಲಿ ಅವು ಅಪರೂಪವಲ್ಲ. ಅಂಕಿಗಳು ಒಂದು ದಶಮಾಂಶ ಸ್ಥಾನಕ್ಕೆ ಬರುತ್ತವೆ, ಕೊನೆಯ ಅಂಕೆ ಸೊನ್ನೆಯಿಂದ ಒಂಬತ್ತರವರೆಗೆ ಯಾವುದಾದರೂ ಆಗಬಹುದು, ಆದ್ದರಿಂದ ಸುಮಾರು ಹತ್ತರಲ್ಲಿ ಒಂದು ಸರಿಯಾಗಿ ಅರ್ಧದಲ್ಲಿ ನಿಲ್ಲುತ್ತದೆ. ಸರಿದೂಗುತ್ತದೆಂಬುದೂ ನಿಯಮದ ಮೇಲೆ ನಿಂತಿದೆ. ಕೈಯಲ್ಲೇ ಲೆಕ್ಕ ಮಾಡಿ ನೋಡಿ. ಹತ್ತೂ ಅಂಕೆಗಳು ಸಮನಾಗಿ ಬಂದರೆ, ಅರ್ಧವನ್ನು ಮೇಲಕ್ಕೆ ತಳ್ಳುವ ನಿಯಮದಲ್ಲಿ ಪ್ರತಿ ಅಂಕಿಗೆ ಸರಾಸರಿ 0.05 ಮಿಲಿಮೀಟರ್ ಹೆಚ್ಚಾಗುತ್ತದೆ. ನೂರು ಮಳೆದಿನಗಳಿಗೆ 5 ಮಿಲಿಮೀಟರ್, ಸಹಿಸಬಹುದು. ಸರಿಸಂಖ್ಯೆಯ ನಿಯಮದಲ್ಲಿ ಅದೂ ಇರುವುದಿಲ್ಲ. ಆದರೆ ಶೆಲ್‌ನಂತೆ ಬಾಲ ಕತ್ತರಿಸಿದರೆ ಪ್ರತಿ ಅಂಕಿಗೆ ಸರಾಸರಿ 0.45 ಮಿಲಿಮೀಟರ್ ನಷ್ಟ, ನೂರು ದಿನಕ್ಕೆ 45 ಮಿಲಿಮೀಟರ್. ಪುಣೆ ನಗರದಲ್ಲಿ ವರ್ಷಕ್ಕೆ ಬೀಳುವುದೇ 70 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ 4.5 ಸೆಂಟಿಮೀಟರ್ ಎಂದರೆ ಶೇಕಡಾ ಆರರಷ್ಟು ಮಳೆ ಲೆಕ್ಕದಲ್ಲೇ ಆವಿಯಾದಂತೆ. ಕೆನಡಾದ ವ್ಯಾಂಕೂವರ್ ಷೇರುಪೇಟೆಗೆ ಇದರ ಅನುಭವ ಆಗಿತ್ತು. 1982ರ ಜನವರಿಯಲ್ಲಿ 1000ದಿಂದ ಶುರುವಾದ ಅದರ ಸೂಚ್ಯಂಕವನ್ನು ಪ್ರತಿ ವಹಿವಾಟಿನ ನಂತರ ಹೊಸದಾಗಿ ಲೆಕ್ಕ ಹಾಕಿ ಮೂರು ದಶಮಾಂಶಕ್ಕೆ ಕತ್ತರಿಸುತ್ತಿದ್ದರು. ದಿನಕ್ಕೆ ಸಾವಿರಾರು ಸಲ. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524.811ಕ್ಕೆ ಕುಸಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಬಂದದ್ದು 1098.892. ಪೇಟೆ ಏರಿತ್ತು, ಅಂಕಿ ಮಾತ್ರ ಅರ್ಧಕ್ಕೆ ಇಳಿದಿತ್ತು.

ಮೂರನೆಯದು ಪ್ರೋಗ್ರಾಮರುಗಳದ್ದೇ ಮಾತು. ಶೆಲ್ ಇಂಥ ಲೆಕ್ಕಕ್ಕಲ್ಲ, ಪೈಥಾನ್‌ನಂಥ ಭಾಷೆ ಬಳಸಿ, ಸಮಸ್ಯೆ ಮುಗಿಯಿತು ಎನ್ನುತ್ತಾರೆ. ಮುಗಿಯುವುದಿಲ್ಲ. ಪೈಥಾನ್‌ನಲ್ಲಿ 2.675ನ್ನು ಎರಡು ದಶಮಾಂಶಕ್ಕೆ ತಂದರೆ 2.67 ಬರುತ್ತದೆ. ಶಾಲೆಯ ನಿಯಮಕ್ಕೂ ಸರಿಸಂಖ್ಯೆಯ ನಿಯಮಕ್ಕೂ 2.68 ಬರಬೇಕಿತ್ತು. ಕಾರಣವೇನೆಂದರೆ ದ್ವಿಮಾನದಲ್ಲಿ ಲೆಕ್ಕ ಹಾಕುವ ಯಂತ್ರದೊಳಗೆ 2.675 ಎಂಬ ಸಂಖ್ಯೆ ಇರುವುದೇ ಇಲ್ಲ, ಅದಕ್ಕಿಂತ ಒಂದು ಕೂದಲೆಳೆ ಕಡಿಮೆಯಾದ 2.67499999999999982 ಎಂಬಂಥದ್ದು ಇರುತ್ತದೆ. ಯಂತ್ರಕ್ಕೆ ಅದು ಅರ್ಧವೇ ಅಲ್ಲ. ದಶಮಾನದಲ್ಲೇ ಲೆಕ್ಕ ಹಾಕುವ ಡೆಸಿಮಲ್ ಎಂಬ ಭಾಗ ಪೈಥಾನ್‌ನಲ್ಲಿದೆ, ಅದನ್ನು ಬಳಸಿದರೆ ಈ ಕೂದಲೆಳೆಯ ತೊಂದರೆ ಹೋಗುತ್ತದೆ. ಆದರೂ ಅರ್ಧ ಎತ್ತ ಹೋಗಬೇಕೆಂದು ಅದಕ್ಕೂ ನಾವೇ ಹೇಳಬೇಕು. ಹಾಗಾದರೆ ಎಲ್ಲ ಭಾಷೆಗಳೂ ಒಂದೇ ನಿಯಮಕ್ಕೆ ಬರಲಿ ಎನ್ನುವವರಿಗೆ ಪೈಥಾನ್‌ನ ಇತಿಹಾಸವೇ ಉತ್ತರ. ಎರಡನೆಯ ಆವೃತ್ತಿಯಲ್ಲಿ 2.5 ಅನ್ನು 3 ಮಾಡುತ್ತಿದ್ದ ಭಾಷೆ 2008ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಅದನ್ನು 2 ಮಾಡತೊಡಗಿತು. ಹೊಸ ನಿಯಮಕ್ಕೆ ಒಳ್ಳೆಯ ಕಾರಣವಿತ್ತು, ಆದರೆ ಹಳೆಯ ನಿಯಮವನ್ನು ನಂಬಿ ಬರೆದ ಪ್ರೋಗ್ರಾಮುಗಳಿಗೆ ಅದು ಗೊತ್ತಾಗುವುದು ಹೇಗೆ? ಇದಲ್ಲದೆ ತೆರಿಗೆಯ ಕಾನೂನಿಗೆ ಒಂದು ನಿಯಮ, ಅಳತೆಯ ಮಾನಕಕ್ಕೆ ಇನ್ನೊಂದು ಇರುವ ದೇಶದಲ್ಲಿ ಯಾವ ಭಾಷೆಯ ಯಾವ ರೂಢಿಯೂ ಎರಡಕ್ಕೂ ಒಗ್ಗಲಾರದು.

ಪರಿಹಾರಕ್ಕೆ ಹೊಸ ಭಾಷೆ ಬೇಡ, ದೊಡ್ಡ ಯಂತ್ರವೂ ಬೇಡ. ಮಳೆಯ ಅಂಕಿ ಹತ್ತನೇ ಒಂದು ಮಿಲಿಮೀಟರಿನಲ್ಲಿ ಬರುವುದರಿಂದ ಅದನ್ನು ಹತ್ತರಿಂದ ಗುಣಿಸಿದಂತೆ ಇಟ್ಟುಕೊಂಡರೆ ಎಲ್ಲವೂ ಪೂರ್ಣಾಂಕವೇ. ಮಿತಿಗಳು 645, 1155, 2045. ಹೋಲಿಸಲು ರೌಂಡ್ ಮಾಡುವ ಅಗತ್ಯವೇ ಬೀಳುವುದಿಲ್ಲ, ದಶಮಾಂಶ ಅರಿಯದ ಬ್ಯಾಶ್ ಈ ಕೆಲಸವನ್ನು ಯಾವ ಭಾಷೆಗೂ ಕಡಿಮೆಯಿಲ್ಲದಂತೆ ಮಾಡುತ್ತದೆ. ಹೀಗೆ ಮಾಡುವಾಗ ಒಂದು ಎಚ್ಚರ ಬೇಕು. 0.8ರ ಚುಕ್ಕಿ ತೆಗೆದರೆ 08 ಆಗುತ್ತದೆ. ಸೊನ್ನೆಯಿಂದ ಶುರುವಾದ ಸಂಖ್ಯೆಯನ್ನು ಬ್ಯಾಶ್ ಅಷ್ಟಮಾನದ್ದೆಂದು ಓದುತ್ತದೆ, ಅಷ್ಟಮಾನದಲ್ಲಿ ಎಂಟು ಎಂಬ ಅಂಕೆಯೇ ಇಲ್ಲದ್ದರಿಂದ ಆ ಲೆಕ್ಕ ಅಲ್ಲೇ ನಿಲ್ಲುತ್ತದೆ. ಇದು ದಶಮಾನದ್ದು ಎಂದು ಮುಂಚೆಯೇ ಹೇಳಬೇಕು, ಹೇಳಲು ಬ್ಯಾಶ್‌ನಲ್ಲಿ ದಾರಿಯಿದೆ. ಕೊರತೆಯ ಶೇಕಡಾವನ್ನೂ ಭಾಗಾಕಾರವಿಲ್ಲದೆ ತೀರ್ಮಾನಿಸಬಹುದು. ಬಿದ್ದ ಮಳೆಯ ನೂರುಪಟ್ಟು ವಾಡಿಕೆಯ ಎಂಬತ್ತುಪಟ್ಟನ್ನು ಮೀರದಿದ್ದರೆ ಕೊರತೆ ಶೇಕಡಾ 20 ಅಥವಾ ಹೆಚ್ಚು. ನಮ್ಮ ಜಿಲ್ಲೆಯಲ್ಲಿ ಒಂದು ಕಡೆ 16,100, ಇನ್ನೊಂದು ಕಡೆ 16,000. ಮೀರಿದೆ, ಆದ್ದರಿಂದ ವಾಡಿಕೆ. ಅರ್ಧವನ್ನೂ ಕೊರತೆಗೆ ಸೇರಿಸಬೇಕೆಂದಿದ್ದರೆ ಎಂಬತ್ತರ ಬದಲು ಎಂಬತ್ತೂವರೆಪಟ್ಟು ಹಿಡಿಯಬೇಕು, ಆಗ ಎರಡೂ ಕಡೆ 16,100 ಬಂದು ಜಿಲ್ಲೆ ಕೊರತೆಗೆ ಸೇರುತ್ತದೆ.

ಎಂಬತ್ತೋ ಎಂಬತ್ತೂವರೆಯೋ ಎಂಬುದನ್ನು ಸ್ಕ್ರಿಪ್ಟ್ ಬರೆಯುವ ಹುಡುಗನೋ ಹುಡುಗಿಯೋ ನಿರ್ಧರಿಸಬಾರದು, ಅವರು ಆರಿಸಿಕೊಂಡ ಭಾಷೆಯಂತೂ ನಿರ್ಧರಿಸಲೇಬಾರದು. ಮಳೆಯ ವರ್ಗಗಳನ್ನು ಪ್ರಕಟಿಸುವ ಇಲಾಖೆಗಳು, ಪರಿಹಾರದ ಮಿತಿ ಬರೆಯುವ ವಿಮಾ ಕಂಪನಿಗಳು, ಬರದ ಪಟ್ಟಿ ಮಾಡುವ ರಾಜ್ಯ ಸರ್ಕಾರಗಳು ತಮ್ಮ ಕೋಷ್ಟಕದ ಕೆಳಗೆ ಒಂದು ಸಾಲು ಸೇರಿಸಲಿ. ಮಿತಿಗಳನ್ನು ದಶಮಾಂಶ ಸಮೇತ ಬರೆದು, ನಡುವೆ ಜಾಗ ಉಳಿಸದೆ, ಹೋಲಿಕೆ ರೌಂಡ್ ಮಾಡದ ಅಂಕಿಯ ಮೇಲೆ ನಡೆಯುತ್ತದೆ ಎಂದು ಹೇಳಲಿ. ಆ ಸಾಲು ಪ್ರಕಟವಾದ ದಿನದಿಂದ ಯಾವ ಭಾಷೆಯಲ್ಲಿ ಯಾರು ಲೆಕ್ಕ ಹಾಕಿದರೂ ಜಿಲ್ಲೆಯ ಉತ್ತರ ಒಂದೇ ಬರುತ್ತದೆ.